ಒಂಬತ್ತು ಮನೆಯ ಚೌಕ ತುಂಬುವುದಿಲ್ಲ ಏಕೆ?

ಪ್ರಶ್ನೆ: ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಹಲವು ವರ್ಷಗಳಾದವು. ದೂರದೂರದ ಕ್ವಾಂಟಮ್ ಕಣಗಳ ನಂಟನ್ನು ಕುರಿತ ಬೆಲ್ ಪ್ರಮೇಯದ ಬಗ್ಗೆ ಓದುವಾಗಲೆಲ್ಲ 'ಅಸ್ಥಾನಿಕತೆ' ಎಂಬ ಪದ ಎದುರಾಗುತ್ತದೆ. ಈಚೆಗೆ 'ಸಂದರ್ಭಾವಲಂಬನೆ' ಎಂಬ ಇನ್ನೊಂದು ಪದವೂ ಅದರ ಬೆನ್ನಿಗೇ ಬರುತ್ತಿದೆ. ಇವೆರಡೂ ಒಂದೇ ವಿಷಯದ ಎರಡು ಹೆಸರುಗಳೇ? ಬೇರೆಯಾದರೆ ಮೂಲ ಯಾವುದು? ಒಂದು ಜೊತೆ ಚಪ್ಪಲಿಯನ್ನು ಎರಡು ಪೆಟ್ಟಿಗೆಯಲ್ಲಿಟ್ಟು ದೂರದೂರಕ್ಕೆ ಕಳಿಸಿದರೆ, ಒಂದರಲ್ಲಿ ಎಡಗಾಲಿನದು ಕಂಡ ಕೂಡಲೇ ಇನ್ನೊಂದರಲ್ಲಿ ಬಲಗಾಲಿನದಿದೆ ಎಂದು ತಿಳಿಯುತ್ತದೆ. ಇದರಲ್ಲಿ ವಿಚಿತ್ರವೇನು? ಇನ್ನು, ಅಳೆಯುವ ಉಪಕರಣ ಕಣವನ್ನು ಕೆಣಕಿದಾಗ ಉತ್ತರ ಬದಲಾಗುವುದು ಸಹಜವಲ್ಲವೇ?

ಉತ್ತರ: ನಿಮ್ಮ ಚಪ್ಪಲಿಯ ಮಾತಿನಿಂದಲೇ ಆರಂಭಿಸುತ್ತೇನೆ. ಆ ಪ್ರಮೇಯ ಕೊಟ್ಟ ಭೌತಶಾಸ್ತ್ರಜ್ಞ ಜಾನ್ ಬೆಲ್ 1981ರ ಒಂದು ಲೇಖನದಲ್ಲಿ ಇದೇ ತಕರಾರನ್ನು ಕಾಲುಚೀಲದ ಮೂಲಕ ಎತ್ತಿದ್ದರು. ಅವರ ಸಹೋದ್ಯೋಗಿ ರೈನ್‌ಹೋಲ್ಡ್ ಬರ್ಟಲ್‌ಮನ್ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ತೊಡುತ್ತಿದ್ದರು. ಒಂದು ಗುಲಾಬಿ ಎಂದು ಕಂಡರೆ ಸಾಕು, ಇನ್ನೊಂದು ಗುಲಾಬಿಯಲ್ಲ ಎಂದು ಬಗ್ಗಿ ನೋಡದೆಯೇ ಹೇಳಬಹುದಿತ್ತು. ಕ್ವಾಂಟಮ್ ಕಣಗಳ ನಂಟು ಅಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚಪ್ಪಲಿಯ ಪೆಟ್ಟಿಗೆಗೆ ನೀವು ಕೇಳುವುದು ಒಂದೇ ಪ್ರಶ್ನೆ: ಎಡವೋ, ಬಲವೋ? ಪ್ರಶ್ನೆ ಒಂದೇ ಆದಾಗ ಉತ್ತರವನ್ನು ಮೊದಲೇ ಬರೆದಿಟ್ಟು ಕಳಿಸಲು ಯಾವ ಅಡ್ಡಿಯೂ ಇಲ್ಲ. ಒಂದೇ ವಸ್ತುವಿಗೆ ಹಲವು ಪ್ರಶ್ನೆ ಕೇಳಬಹುದು, ಆದರೆ ಎಲ್ಲವನ್ನೂ ಒಟ್ಟಿಗೆ ಕೇಳಲಾಗದು ಎಂಬ ಸ್ಥಿತಿ ಬಂದಾಗ ತೊಡಕು ಶುರುವಾಗುತ್ತದೆ. ಒಂದು ಪ್ರಶ್ನೆಯ ಜೊತೆಗೆ ಬೇರೆ ಯಾವ ಪ್ರಶ್ನೆಗಳನ್ನು ಕೇಳಿದಿರಿ ಎಂಬುದೇ ಅದರ 'ಸಂದರ್ಭ'.

ಎರಡು ಪದಗಳೂ ಒಂದೇ ಅಲ್ಲ, ಹಾಗೆಂದು ಬೇರೆ ಕುಲದವೂ ಅಲ್ಲ. ಸಂದರ್ಭಗಳನ್ನು ಪರಸ್ಪರ ದೂರ ಇರಿಸಿದಾಗ ಸಂದರ್ಭಾವಲಂಬನೆ ತಳೆಯುವ ರೂಪವೇ ಅಸ್ಥಾನಿಕತೆ. ಇದನ್ನು ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಒಂದು ಚೌಕ ಬರೆಯೋಣ. ಆಶರ್ ಪೆರೆಸ್ ಮತ್ತು ಡೇವಿಡ್ ಮರ್ಮಿನ್ 1990ರಲ್ಲಿ ಕೊಟ್ಟ ಚೌಕವಿದು. ಈ ಕ್ಷೇತ್ರದಲ್ಲಿ ಇದಕ್ಕಿಂತ ಚೊಕ್ಕವಾದ ವಸ್ತುವನ್ನು ನಾನು ಕಂಡಿಲ್ಲ.

ಎರಡು ಕಣಗಳಿವೆ ಎಂದುಕೊಳ್ಳಿ. ಪ್ರತಿಯೊಂದರ ಸ್ಪಿನ್ನನ್ನು, ಅಂದರೆ ಕಣದ ಸಹಜ ತಿರುಗುಗುಣವನ್ನು, ಎಕ್ಸ್, ವೈ, ಝಡ್ ಎಂಬ ಮೂರು ದಿಕ್ಕುಗಳಲ್ಲಿ ಅಳೆಯಬಹುದು. ಉತ್ತರ ಯಾವಾಗಲೂ +1 ಅಥವಾ −1. ಕೆಳಗಿನ ಪ್ರತಿ ಮನೆಯೂ ಒಂದು ಪ್ರಶ್ನೆ. ಮೊದಲ ಅಕ್ಷರ ಮೊದಲ ಕಣಕ್ಕೆ, ಎರಡನೆಯದು ಎರಡನೆಯ ಕಣಕ್ಕೆ. '1' ಎಂದಿದ್ದರೆ ಆ ಕಣವನ್ನು ಮುಟ್ಟುವುದಿಲ್ಲ ಎಂದರ್ಥ.

ಎಕ್ಸ್·1 | 1·ಎಕ್ಸ್ | ಎಕ್ಸ್·ಎಕ್ಸ್
1·ಝಡ್ | ಝಡ್·1 | ಝಡ್·ಝಡ್
ಎಕ್ಸ್·ಝಡ್ | ಝಡ್·ಎಕ್ಸ್ | ವೈ·ವೈ

'ಎಕ್ಸ್·ಎಕ್ಸ್' ಎಂಬುದು ಎರಡು ಕಣಗಳ ಎಕ್ಸ್ ಉತ್ತರಗಳನ್ನು ಬಿಡಿಬಿಡಿಯಾಗಿ ತಿಳಿಯದೆ, ಅವುಗಳ ಗುಣಲಬ್ಧವನ್ನು ಮಾತ್ರ ಕೇಳುವ ಒಂದೇ ಪ್ರಶ್ನೆ. ಒಂದೇ ಕಣದ ಎಕ್ಸ್ ಮತ್ತು ಝಡ್ ಒಟ್ಟಿಗೆ ಅಳೆಯಲು ಬರುವುದಿಲ್ಲ, ಏಕೆಂದರೆ ಅವುಗಳನ್ನು ಪ್ರತಿನಿಧಿಸುವ ಮಾತೃಕೆಗಳ (ಸಂಖ್ಯೆಗಳ ಚೌಕಪಟ್ಟಿಗಳ) ಗುಣಾಕಾರದ ಕ್ರಮ ಬದಲಿಸಿದರೆ ಚಿಹ್ನೆ ಬದಲಾಗುತ್ತದೆ. ಆದರೆ ಎಕ್ಸ್·ಎಕ್ಸ್ ಮತ್ತು ಝಡ್·ಝಡ್ ಒಟ್ಟಿಗೆ ಬರುತ್ತವೆ: ಮೊದಲ ಕಣದಲ್ಲಿ ಒಂದು ಋಣಚಿಹ್ನೆ, ಎರಡನೆಯದರಲ್ಲಿ ಇನ್ನೊಂದು, ಎರಡೂ ಸೇರಿ ರದ್ದಾಗುತ್ತವೆ. ಹೀಗೆ ಪರಿಶೀಲಿಸುತ್ತ ಹೋದರೆ ಯಾವುದೇ ಅಡ್ಡಸಾಲಿನ ಮೂರು ಪ್ರಶ್ನೆಗಳನ್ನೂ, ಯಾವುದೇ ಕಂಬಸಾಲಿನ ಮೂರನ್ನೂ ಒಟ್ಟಿಗೆ ಅಳೆಯಬಹುದು ಎಂದು ಗೊತ್ತಾಗುತ್ತದೆ. ಒಟ್ಟು ಆರು ಸಂದರ್ಭಗಳು. ಪ್ರತಿ ಮನೆಯೂ ಎರಡು ಸಂದರ್ಭಗಳಿಗೆ ಸೇರಿದೆ.

ಈಗ ಆ ಮಾತೃಕೆಗಳನ್ನು, ಅಂದರೆ ಪೌಲಿ ಮಾತೃಕೆಗಳನ್ನು, ಗುಣಿಸಿ ನೋಡಿ. ಪದವಿಯ ಗಣಿತ ಸಾಕು, ಅರ್ಧ ಹಾಳೆ ಹಿಡಿಯುತ್ತದೆ. ಮೂರು ಅಡ್ಡಸಾಲುಗಳಲ್ಲೂ ಗುಣಲಬ್ಧ +1. ಮೊದಲ ಎರಡು ಕಂಬಸಾಲುಗಳಲ್ಲೂ +1. ಮೂರನೆಯ ಕಂಬಸಾಲಿನಲ್ಲಿ ಮಾತ್ರ −1. ಅಂದರೆ ಎಕ್ಸ್·ಎಕ್ಸ್, ಝಡ್·ಝಡ್, ವೈ·ವೈ ಮೂರನ್ನೂ ಒಟ್ಟಿಗೆ ಅಳೆದರೆ, ಕಣಗಳು ಯಾವ ಸ್ಥಿತಿಯಲ್ಲೇ ಇರಲಿ, ಉತ್ತರಗಳ ಗುಣಲಬ್ಧ −1 ಆಗಿಯೇ ತೀರುತ್ತದೆ.

ಅಳೆಯುವ ಮೊದಲೇ ಒಂಬತ್ತು ಮನೆಗಳಲ್ಲೂ ಉತ್ತರ ಬರೆದಿತ್ತು, ನಾವು ಓದಿದೆವು ಅಷ್ಟೇ ಎಂದು ವಾದಿಸುವವರು ಚೌಕವನ್ನು +1, −1ಗಳಿಂದ ತುಂಬಿ ತೋರಿಸಬೇಕು. ಆಗುವುದಿಲ್ಲ. ಅಡ್ಡಸಾಲುಗಳ ಪ್ರಕಾರ ಒಂಬತ್ತೂ ಸಂಖ್ಯೆಗಳ ಗುಣಲಬ್ಧ +1. ಕಂಬಸಾಲುಗಳ ಪ್ರಕಾರ ಅದೇ ಒಂಬತ್ತರ ಗುಣಲಬ್ಧ −1. ತುಂಬುವ ಬಗೆಗಳು 512. ಒಂದೂ ಹೊಂದುವುದಿಲ್ಲ. ಐದು ಸಾಲು ಸರಿಪಡಿಸಿದರೆ ಆರನೆಯದು ಕೈಕೊಡುತ್ತದೆ. ವಿದ್ಯಾರ್ಥಿಯಾಗಿದ್ದಾಗ, ಸಾಧ್ಯವಿಲ್ಲ ಎಂಬ ಸಾಧನೆಯನ್ನು ಓದಿದ ಮೇಲೂ, ನಾನು ಪೆನ್ಸಿಲ್ ಹಿಡಿದು ಒಂದು ಗಂಟೆ ಪ್ರಯತ್ನಿಸಿದ್ದೆ. ಕೊನೆಯ ಮನೆಗೆ ಬಂದಾಗಲೆಲ್ಲ ಅಡ್ಡಸಾಲು ಒಂದು ಕೇಳುತ್ತದೆ, ಕಂಬಸಾಲು ಇನ್ನೊಂದು ಕೇಳುತ್ತದೆ. ಹಾಗೆ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಇದೇ ಸಂದರ್ಭಾವಲಂಬನೆ. ಪ್ರತಿ ಸಾಲನ್ನೂ ಬಿಡಿಯಾಗಿ ನೋಡಿದರೆ ಯಾವ ಕೊರತೆಯೂ ಇಲ್ಲ. ಆರನ್ನೂ ಅಂಟಿಸಿ ಒಂದೇ ಚಿತ್ರ ಮಾಡಲು ಹೋದರೆ ಹೊಂದುವುದಿಲ್ಲ. ಕಣಗಳಲ್ಲಿ ಉತ್ತರಗಳು ಮೊದಲೇ ಇದ್ದವು ಎನ್ನಲೇಬೇಕಾದರೆ, ಒಂದು ಮನೆಯ ಉತ್ತರ ಅದನ್ನು ಅಡ್ಡಸಾಲಿನೊಂದಿಗೆ ಓದಿದೆವೋ ಕಂಬಸಾಲಿನೊಂದಿಗೆ ಓದಿದೆವೋ ಎಂಬುದರ ಮೇಲೆ ನಿಂತಿದೆ ಎಂದು ಒಪ್ಪಬೇಕು.

ಕಾಗದದ ಮೇಲಿನ ಆಟ ಇದಲ್ಲ. ಆರು ಸಾಲುಗಳ ಗುಣಲಬ್ಧದ ಸರಾಸರಿಗಳನ್ನು, ಕೊನೆಯ ಕಂಬಸಾಲಿನದನ್ನು ಕಳೆದು, ಕೂಡಿದರೆ ಮೊದಲೇ ಬರೆದಿಟ್ಟ ಉತ್ತರಗಳಿಗೆ ಗರಿಷ್ಠ 4 ಸಿಗಬಹುದು. ಕ್ವಾಂಟಮ್ ಸಿದ್ಧಾಂತ 6 ಎನ್ನುತ್ತದೆ. 2009ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ವಿದ್ಯುತ್‌ಕ್ಷೇತ್ರದ ಬೋನಿನಲ್ಲಿ ಹಿಡಿದಿಟ್ಟ ಎರಡು ಕ್ಯಾಲ್ಸಿಯಂ ಅಯಾನುಗಳ ಮೇಲೆ ಇದನ್ನು ಅಳೆದಾಗ ಬಂದದ್ದು ಸುಮಾರು 5.46. ಉಪಕರಣದ ಸಣ್ಣಪುಟ್ಟ ಕುಂದುಗಳಿಂದ 6 ಮುಟ್ಟಲಿಲ್ಲ. 4ನ್ನು ಮಾತ್ರ ಅನುಮಾನಕ್ಕೆ ಎಡೆಯಿಲ್ಲದಂತೆ ದಾಟಿತು.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ: ಉಪಕರಣ ಕೆಣಕುತ್ತದೆ, ಉತ್ತರ ಬದಲಾಗುತ್ತದೆ, ಇದರಲ್ಲಿ ಹೊಸದೇನು? ಈ ಮಾತನ್ನು ಅನೇಕ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ತಳ್ಳಿಹಾಕುತ್ತವೆ, ಅದು ಅನ್ಯಾಯ. ಕೆಣಕುವಿಕೆಯ ವಿರುದ್ಧ ಹೇಳಬಹುದಾದ ಮೊದಲ ಮಾತು ಇದು: ಒಂದೇ ಸಾಲಿನ ಮೂರು ಪ್ರಶ್ನೆಗಳನ್ನು ಯಾವ ಕ್ರಮದಲ್ಲಾದರೂ ಕೇಳಿ, ಮತ್ತೆ ಮತ್ತೆ ಕೇಳಿ, ಮೊದಲು ಬಂದ ಉತ್ತರವೇ ಮರಳಿ ಬರುತ್ತದೆ. ಒಂದನ್ನು ಅಳೆದದ್ದು ಇನ್ನೊಂದರ ಅಂಕಿಅಂಶದಲ್ಲಿ ಎಳ್ಳಷ್ಟೂ ಗುರುತು ಬಿಡುವುದಿಲ್ಲ. ಕೆಣಕುವಿಕೆ ಇರುವುದೇ ಆದರೆ ಅದು ತನ್ನ ಹೆಜ್ಜೆಯನ್ನು ತಾನೇ ಅಳಿಸಿಕೊಂಡು ಹೋಗುವ ಜಾತಿಯದು. ಆದರೂ ಹಟಮಾರಿಯೊಬ್ಬ 'ಇರಲಿ, ಅಡ್ಡಸಾಲನ್ನು ಅಳೆಯುವ ಯಂತ್ರವೇ ಬೇರೆ, ಕಂಬಸಾಲನ್ನು ಅಳೆಯುವ ಯಂತ್ರವೇ ಬೇರೆ, ಉತ್ತರ ಒಂದೇ ಇರಬೇಕೆಂದು ಏಕೆ ನಿರೀಕ್ಷಿಸುತ್ತೀರಿ?' ಎಂದರೆ ಅವನ ಬಾಯಿ ಮುಚ್ಚಿಸುವ ತರ್ಕವಿಲ್ಲ. ಆ ಹಟಮಾರಿ ಬೇರೆ ಯಾರೂ ಅಲ್ಲ, ಸ್ವತಃ ಬೆಲ್. 1966ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅವರು ಎತ್ತಿದ್ದು ಇದೇ ಆಕ್ಷೇಪವನ್ನು. ಅವರ ಪ್ರಸಿದ್ಧ ಪ್ರಮೇಯ ಅಚ್ಚಾದದ್ದು 1964ರಲ್ಲಿ. ಆದರೆ ಈ ಆಕ್ಷೇಪದ ಪ್ರಬಂಧವನ್ನು ಬರೆದದ್ದು ಅದಕ್ಕೂ ಮೊದಲು. ಆಕ್ಷೇಪ ಮೊದಲು ಹುಟ್ಟಿತು, ಅದನ್ನು ದಾಟುವ ದಾರಿ ಆಮೇಲೆ ಸಿಕ್ಕಿತು. ಅಚ್ಚಿನ ವರ್ಷಗಳನ್ನು ಮಾತ್ರ ನೋಡುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಆ ದಾರಿ ಯಾವುದೆಂದರೆ ದೂರ.

ಅದೇ ಚೌಕವನ್ನು ಈಗ ಇಬ್ಬರು ಆಡುವ ಆಟ ಮಾಡೋಣ. ಉಮಾ ಒಂದು ಕಡೆ, ರವಿ ಬಹುದೂರ ಇನ್ನೊಂದು ಕಡೆ. ಉಮಾಳಿಗೆ ಒಂದು ಅಡ್ಡಸಾಲಿನ ಸಂಖ್ಯೆ ಬರುತ್ತದೆ, ರವಿಗೆ ಒಂದು ಕಂಬಸಾಲಿನ ಸಂಖ್ಯೆ. ಉಮಾ ತನ್ನ ಮೂರು ಮನೆಗಳನ್ನು ಗುಣಲಬ್ಧ +1 ಬರುವಂತೆ ತುಂಬಬೇಕು. ರವಿ ತನ್ನ ಮೂರು ಮನೆಗಳನ್ನು ಆ ಕಂಬಸಾಲಿನ ನಿಯಮದಂತೆ ತುಂಬಬೇಕು. ಇಬ್ಬರ ಸಾಲುಗಳೂ ಕೂಡುವ ಒಂದು ಮನೆ ಇರುತ್ತದೆಯಲ್ಲ, ಅಲ್ಲಿ ಇಬ್ಬರೂ ಬರೆದದ್ದು ಒಂದೇ ಆಗಿರಬೇಕು. ಆಟ ಶುರುವಾದ ಮೇಲೆ ಮಾತುಕತೆ ಇಲ್ಲ. ಮೊದಲೇ ಎಷ್ಟು ಬೇಕಾದರೂ ಒಳಸಂಚು ಮಾಡಿಕೊಂಡಿರಲಿ, ಚೌಕ ತುಂಬುವುದಿಲ್ಲವಾದ್ದರಿಂದ ಒಂಬತ್ತು ಜೋಡಿ ಪ್ರಶ್ನೆಗಳಲ್ಲಿ ಕನಿಷ್ಠ ಒಂದರಲ್ಲಿ ಸೋಲಲೇಬೇಕು. ಗೆಲುವಿನ ಗರಿಷ್ಠ ಪ್ರಮಾಣ 8/9. ಇಬ್ಬರಿಗೂ ಹೆಣೆದುಕೊಂಡ, ಅಂದರೆ ಎಷ್ಟು ದೂರವಿದ್ದರೂ ಉತ್ತರಗಳು ಪರಸ್ಪರ ಹೊಂದುವಂತೆ ಸಿದ್ಧಪಡಿಸಿದ, ಎರಡು ಜೋಡಿ ಕಣಗಳನ್ನು ಹಂಚಿ, ಪ್ರತಿಯೊಬ್ಬರೂ ತಮ್ಮ ಎರಡು ಕಣಗಳ ಮೇಲೆ ತಮ್ಮ ಸಾಲಿನ ಮಾಪನ ಮಾಡಿದರೆ? ಒಂಬತ್ತರಲ್ಲಿ ಒಂಬತ್ತೂ ಗೆಲುವು. 2022ರಲ್ಲಿ ಚೀನಾದ ನಾನ್‌ಜಿಂಗ್‌ನ ಸಂಶೋಧಕರು ಫೋಟಾನ್‌ಗಳಿಂದ ಈ ಆಟ ಆಡಿಸಿ 8/9ನ್ನು ಮೀರಿ ತೋರಿಸಿದರು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ನಿಮ್ಮ ಪ್ರಶ್ನೆಯ ಗಂಟು ಇಲ್ಲಿದೆ. ಉಮಾಳ ಉತ್ತರ ಅವಳ ಅಡ್ಡಸಾಲನ್ನು ಮಾತ್ರ, ರವಿಯ ಉತ್ತರ ಅವನ ಕಂಬಸಾಲನ್ನು ಮಾತ್ರ ಅವಲಂಬಿಸಲಿ ಎನ್ನೋಣ. ದೂರದ ಆಯ್ಕೆ ಹತ್ತಿರದ ಉತ್ತರವನ್ನು ತಾಕದು ಎಂಬುದೇ ಸ್ಥಾನಿಕತೆ. ಇಬ್ಬರೂ ಒಂಬತ್ತು ಮನೆಗಳಲ್ಲೂ ತಪ್ಪದೆ ಒಮ್ಮತಕ್ಕೆ ಬರುತ್ತಾರೆಂದರೆ, ಪ್ರತಿ ಮನೆಗೂ ಅಡ್ಡಸಾಲಿನ ಲೆಕ್ಕದ ಉತ್ತರ ಮತ್ತು ಕಂಬಸಾಲಿನ ಲೆಕ್ಕದ ಉತ್ತರ ಒಂದೇ ಆಗಿರಬೇಕು. ಹಾಗಾದರೆ ಚೌಕ ತುಂಬಿದಂತಾಯಿತು. ತುಂಬುವುದಿಲ್ಲ ಎಂದು ಆಗಲೇ ನೋಡಿದ್ದೇವೆ. ಒಂಟಿ ಪ್ರಯೋಗಾಲಯದಲ್ಲಿ 'ಉತ್ತರ ಸಂದರ್ಭವನ್ನು ಅವಲಂಬಿಸದು' ಎಂಬುದನ್ನು ನಾವು ಬರಿದೇ ಊಹಿಸಿಕೊಳ್ಳಬೇಕಿತ್ತು, ಹಟಮಾರಿ ಅದನ್ನೇ ಹಿಡಿದು ಜಗ್ಗುತ್ತಿದ್ದ. ಈಗ ಆ ಊಹೆಯನ್ನು ಬೆಳಕಿನ ವೇಗದ ಮಿತಿಯೇ ನಮಗೆ ಒದಗಿಸಿಕೊಡುತ್ತದೆ. ಚೌಕ ಅದೇ, ವಿರೋಧಾಭಾಸವೂ ಅದೇ. ತಪ್ಪಿಸಿಕೊಳ್ಳುವ ಬಾಗಿಲು ಮಾತ್ರ ದುಬಾರಿಯಾಯಿತು. 1983ರಲ್ಲೇ ಹೇವುಡ್ ಮತ್ತು ರೆಡ್‌ಹೆಡ್ ಈ ಸೇತುವೆಯನ್ನು ಗುರುತಿಸಿದ್ದರು. ಚೌಕ ಬಂದ ಮೇಲೆ ಅದು ಎಲ್ಲರ ಕಣ್ಣಿಗೂ ಬೀಳುವಂತಾಯಿತು.

ನಿಮಗೆ ಪರಿಚಯವಿರುವ ಬೆಲ್ ಅಸಮಾನತೆಯೂ ಇದೇ ಅಚ್ಚಿನದು. 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೋನಿ, ಹೋಲ್ಟ್ ಕೊಟ್ಟ ರೂಪದಲ್ಲಿ ಒಂದು ಕಡೆ ಎರಡು ಪ್ರಶ್ನೆ (ಅ, ಆ), ಇನ್ನೊಂದು ಕಡೆ ಎರಡು (ಬ, ಭ). ನಾಲ್ಕಕ್ಕೂ ±1 ಉತ್ತರ ಮೊದಲೇ ಇದ್ದರೆ ಅ(ಬ+ಭ) + ಆ(ಬ−ಭ) ಎಂಬ ಮೊತ್ತ +2 ಅಥವಾ −2 ಮಾತ್ರ ಆಗಬಲ್ಲದು, ಏಕೆಂದರೆ ಎರಡು ಆವರಣಗಳಲ್ಲಿ ಒಂದು ಸೊನ್ನೆಯಾಗುತ್ತದೆ. ಸರಾಸರಿ 2ನ್ನು ದಾಟುವಂತಿಲ್ಲ. ಕ್ವಾಂಟಮ್ ಸಿದ್ಧಾಂತ 2√2, ಅಂದರೆ ಸುಮಾರು 2.83ರವರೆಗೆ ಹೋಗುತ್ತದೆ, ಅದಕ್ಕೂ ಮೇಲೆ ಹೋಗದು ಎಂದು 1980ರಲ್ಲಿ ಸಿರೆಲ್ಸನ್ ತೋರಿಸಿದರು. ಇಲ್ಲಿಯೂ ಸಂದರ್ಭಗಳು ನಾಲ್ಕು: ಅ–ಬ, ಅ–ಭ, ಆ–ಬ, ಆ–ಭ. ಪ್ರತಿ ಜೋಡಿಯ ಅಂಕಿಅಂಶ ಸರಿಯಾಗಿದೆ. ನಾಲ್ಕೂ ಉತ್ತರಗಳನ್ನು ಒಟ್ಟಿಗೆ ಹೇಳುವ ಒಂದೇ ಸಂಭವನೀಯತೆಯ ಕೋಷ್ಟಕ ಇಲ್ಲ. ಅಂಥ ಕೋಷ್ಟಕ ಇರುವುದೂ ಅಸಮಾನತೆಗಳು ಪಾಲನೆಯಾಗುವುದೂ ಒಂದೇ ಮಾತು ಎಂದು ಆರ್ಥರ್ ಫೈನ್ 1982ರಲ್ಲಿ ಸಾಧಿಸಿದರು. ಮೋಜಿನ ಸಂಗತಿ ಎಂದರೆ, ಬಿಡಿ ಬಿಡಿ ಸಂಭವನೀಯತೆಗಳು ಒಂದೇ ಕೋಷ್ಟಕದಿಂದ ಬಂದಿರಲು ಯಾವ ಷರತ್ತುಗಳು ಬೇಕು ಎಂದು ಜಾರ್ಜ್ ಬೂಲ್ 1862ರಲ್ಲೇ ಲೆಕ್ಕ ಹಾಕಿದ್ದರು. ಆ ಷರತ್ತುಗಳನ್ನು ಪ್ರಕೃತಿ ಮುರಿಯಬಹುದು ಎಂಬ ಯೋಚನೆಗೆ ಆಗಿನ್ನೂ ಕಾರಣವೇ ಇರಲಿಲ್ಲ.

ಈ ಅಸಮಾನತೆಯನ್ನು ಪರೀಕ್ಷಿಸಿದ ಪ್ರಯೋಗಗಳ ಕತೆ ಎಲ್ಲೆಡೆ ಸಿಗುತ್ತದೆ: 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1980ರ ದಶಕದ ಆರಂಭದಲ್ಲಿ ಆಸ್ಪೆ, ಆಮೇಲೆ ಝೈಲಿಂಗರ್ ತಂಡ, 2022ರಲ್ಲಿ ನೊಬೆಲ್. ನಾನು ಒಂದನ್ನು ಮಾತ್ರ ಹತ್ತಿರದಿಂದ ತೋರಿಸುತ್ತೇನೆ. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಎರಡು ವಜ್ರದ ಚೂರುಗಳೊಳಗಿನ ಎಲೆಕ್ಟ್ರಾನ್‌ಗಳನ್ನು ಸುಮಾರು 1.3 ಕಿಲೋಮೀಟರ್ ಅಂತರದಲ್ಲಿ ಹೆಣೆದರು. ಅಷ್ಟು ದೂರ ಸಾಗಲು ಬೆಳಕಿಗೆ 4.27 ಮೈಕ್ರೋಸೆಕೆಂಡು ಬೇಕು. ಪ್ರಶ್ನೆ ಆರಿಸುವುದು, ಅಳೆಯುವುದು, ಉತ್ತರ ದಾಖಲಿಸುವುದು ಎಲ್ಲವೂ ಅಷ್ಟರೊಳಗೆ ಮುಗಿಯಬೇಕಿತ್ತು. ಹೆಣಿಗೆ ಬಿದ್ದದ್ದು ಅಪರೂಪಕ್ಕೆ, ಹಾಗಾಗಿ ದಿನಗಟ್ಟಲೆ ಕಾದ ಮೇಲೆ ಕೈಗೆ ಬಂದದ್ದು 245 ಫಲಿತಾಂಶಗಳು. ಮೇಲೆ ಹೇಳಿದ ಬೆಲ್ ಮೊತ್ತ 2.42, ಅಂದರೆ 2ರ ಗಡಿಗಿಂತ ಹೆಚ್ಚು. ಪತ್ತೆಯಾಗದೆ ಕಳೆದುಹೋದ ಕಣಗಳು, ಒಳಗೊಳಗೇ ಸಂದೇಶ ರವಾನೆ ಎಂಬ ಎರಡು ಹಳೆಯ ನೆಪಗಳನ್ನೂ ಒಟ್ಟಿಗೆ ಮುಚ್ಚಿದ ಮೊದಲ ಪ್ರಯೋಗ ಇದು. ಅದೇ ವರ್ಷ ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನ ತಂಡಗಳೂ ಫೋಟಾನ್‌ಗಳಿಂದ ಅದನ್ನೇ ಸಾಧಿಸಿದವು.

ಹಾಗಾದರೆ ಅಸ್ಥಾನಿಕತೆ ಇಲ್ಲದ ಸಂದರ್ಭಾವಲಂಬನೆ ಇದೆಯೇ? ಇದೆ, ಅದಕ್ಕೇ ಎರಡು ಪದಗಳು ಬೇಕಾದವು. ಸ್ವಿಸ್ ತರ್ಕಶಾಸ್ತ್ರಜ್ಞ ಅರ್ನ್ಸ್ಟ್ ಸ್ಪೆಕರ್ 1960ರಲ್ಲಿ ಒಂದು ನೀತಿಕತೆಯಂಥ ಕತೆ ಹೇಳಿದರು: ಮಗಳ ಮದುವೆಗೆ ವರ ಹುಡುಕುವ ಭವಿಷ್ಯಗಾರನೊಬ್ಬ ಮೂರು ಪೆಟ್ಟಿಗೆ ಇಡುತ್ತಾನೆ; ಯಾವೆರಡು ತುಂಬಿವೆ ಅಥವಾ ಯಾವೆರಡು ಖಾಲಿ ಎಂದು ವರ ಊಹಿಸಿ ಅವೆರಡನ್ನು ತೆರೆಯಬೇಕು; ಯಾವ ಎರಡನ್ನು ತೆರೆದರೂ ಒಂದರಲ್ಲಿ ರತ್ನ ಇರುತ್ತದೆ, ಇನ್ನೊಂದು ಖಾಲಿ. ಮೂರರಲ್ಲಿ ಯಾವ ಎರಡನ್ನು ತೆಗೆದರೂ ಬೇರೆ ಬೇರೆ ಎಂಬುದು ಮೊದಲೇ ತುಂಬಿಟ್ಟ ಪೆಟ್ಟಿಗೆಗಳಿಂದ ಆಗದ ಕೆಲಸ. ಮಗಳಿಗೆ ಮದುವೆಯಾಗುವುದೇ ಇಲ್ಲ ಎನ್ನುವಷ್ಟರಲ್ಲಿ ಅವಳೇ ಒಂದು ಉಪಾಯ ಮಾಡುತ್ತಾಳೆ, ಅದು ಬೇರೆ ಮಾತು. ಕ್ವಾಂಟಮ್ ಲೋಕವೂ ಮೂರು ಪೆಟ್ಟಿಗೆಯ ಈ ಆಟವನ್ನು ಆಡಲಾರದು, ಏಕೆಂದರೆ ಅಲ್ಲಿ ಎರಡೆರಡಾಗಿ ಒಟ್ಟಿಗೆ ಅಳೆಯಬಹುದಾದ ಮೂರನ್ನು ಒಟ್ಟಿಗೂ ಅಳೆಯಬಹುದು. ಆದರೆ ಐದು ಪ್ರಶ್ನೆಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಅಕ್ಕಪಕ್ಕದವನ್ನು ಮಾತ್ರ ಒಟ್ಟಿಗೆ ಕೇಳಬಹುದು, ಅಕ್ಕಪಕ್ಕದ ಎರಡಕ್ಕೂ 'ಹೌದು' ಬರುವುದಿಲ್ಲ ಎಂದು ವಿಧಿಸಿದರೆ ಬಾಗಿಲು ತೆರೆಯುತ್ತದೆ. ಮೊದಲೇ ಬರೆದ ಉತ್ತರಗಳಲ್ಲಿ ಗರಿಷ್ಠ ಎರಡು 'ಹೌದು' ಇರಬಹುದು. ಮೂರು ಮಟ್ಟಗಳಿರುವ ಒಂದೇ ಕ್ವಾಂಟಮ್ ವ್ಯವಸ್ಥೆಯಲ್ಲಿ ಐದೂ ಪ್ರಶ್ನೆಗಳಿಗೆ 'ಹೌದು' ಬರುವ ಸಂಭವನೀಯತೆಗಳ ಮೊತ್ತ √5ರವರೆಗೆ, ಸುಮಾರು 2.236ರವರೆಗೆ, ಹೋಗುತ್ತದೆ. 2008ರಲ್ಲಿ ಕ್ಲ್ಯಾಚ್ಕೊ ಮತ್ತು ಸಂಗಡಿಗರು ಇದನ್ನು ತೋರಿಸಿದರು. 2011ರಲ್ಲಿ ಒಂಟಿ ಫೋಟಾನ್‌ಗಳಿಂದ ಪ್ರಯೋಗವೂ ಆಯಿತು. ಇಲ್ಲಿ ಎರಡನೆಯ ಕಣವೇ ಇಲ್ಲ. ಯಾರೊಡನೆ ಹೆಣೆದುಕೊಳ್ಳಬೇಕು, ಯಾವ ದೂರಕ್ಕೆ ಏನನ್ನು ಕಳಿಸಬೇಕು?

ಸ್ಪೆಕರ್ ಮತ್ತು ಸೈಮನ್ ಕೋಚೆನ್ 1967ರಲ್ಲಿ ಕೊಟ್ಟ ಪ್ರಮೇಯವೂ ಒಂಟಿ ವ್ಯವಸ್ಥೆಯದೇ. ಮೂರು ಆಯಾಮದಲ್ಲಿ 117 ದಿಕ್ಕುಗಳನ್ನು ಆರಿಸಿ, ಪರಸ್ಪರ ಲಂಬವಾದ ಪ್ರತಿ ಮೂರರಲ್ಲಿ ಒಂದಕ್ಕೆ ಮಾತ್ರ 'ಹೌದು' ಬರುವಂತೆ ಅವುಗಳಿಗೆ ಹೌದು–ಇಲ್ಲ ಹಂಚಲಾಗದು ಎಂದು ತೋರಿಸಿದ್ದರು. ಮುಂದೆ ಆ ಸಂಖ್ಯೆಯನ್ನು ಕೋಚೆನ್ ಮತ್ತು ಕಾನ್ವೇ 31ಕ್ಕೆ ಇಳಿಸಿದರು. ನಾಲ್ಕು ಆಯಾಮದಲ್ಲಿ 18 ಸಾಕು. ಇದರ ಮೇಲೆ 1999ರಲ್ಲಿ ಡೇವಿಡ್ ಮೇಯರ್ ಒಂದು ಬಾಂಬ್ ಹಾಕಿದರು. ನಿಜವಾದ ಉಪಕರಣ ದಿಕ್ಕನ್ನು ಅನಂತ ನಿಖರತೆಯಿಂದ ಹಿಡಿಯಲಾರದು. ಭಾಗಲಬ್ಧ ಸಂಖ್ಯೆಗಳ ದಿಕ್ಕುಗಳನ್ನು ಮಾತ್ರ ಎಣಿಸಿದರೆ ಹಂಚಿಕೆ ಸಾಧ್ಯ, ಅಂಥ ದಿಕ್ಕುಗಳು ಎಲ್ಲ ದಿಕ್ಕಿಗೂ ಬೇಕಾದಷ್ಟು ಹತ್ತಿರ ಸಿಗುತ್ತವೆ. ಈ ವಾಗ್ವಾದದಿಂದ ಕ್ಷೇತ್ರಕ್ಕೆ ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ದಿಕ್ಕುಗಳಿಗೆ ಹೌದು–ಇಲ್ಲ ಹಂಚುವ ಒಗಟಿನಿಂದ ಜನ ಅಳೆಯಬಹುದಾದ ಅಸಮಾನತೆಗಳ ಕಡೆಗೆ ತಿರುಗಿದರು. 2005ರಲ್ಲಿ ರಾಬರ್ಟ್ ಸ್ಪೆಕೆನ್ಸ್, ಪ್ರಯೋಗದಲ್ಲಿ ಯಾವ ರೀತಿಯಲ್ಲೂ ಬೇರೆಯಾಗಿ ಕಾಣದ ಎರಡು ವಿಧಾನಗಳಿಗೆ ಒಳಗಿನ ವಿವರಣೆಯೂ ಒಂದೇ ಇರಬೇಕು ಎಂಬ ತತ್ತ್ವವಾಗಿ 'ಉತ್ತರ ಸಂದರ್ಭವನ್ನು ಅವಲಂಬಿಸದು' ಎಂಬ ಊಹೆಯನ್ನು ಮರುರೂಪಿಸಿದರು.

ಮೂಲ ಯಾವುದು ಎಂದು ಕೇಳಿದ್ದೀರಿ. ರಚನೆಯ ದೃಷ್ಟಿಯಿಂದ ಸಂದರ್ಭಾವಲಂಬನೆಯೇ ಹಿರಿದು. ಅಬ್ರಾಮ್‌ಸ್ಕಿ ಮತ್ತು ಬ್ರಾಂಡೆನ್‌ಬರ್ಗರ್ 2011ರಲ್ಲಿ ಎರಡನ್ನೂ ಒಂದೇ ಗಣಿತದಲ್ಲಿ, ತುಂಡುಗಳು ಹೊಂದುತ್ತವೆ ಆದರೆ ಇಡಿಯಾಗಿ ಅಂಟುವುದಿಲ್ಲ ಎಂಬ ಭಾಷೆಯಲ್ಲಿ, ಬರೆದು ಅದನ್ನು ಖಚಿತಪಡಿಸಿದರು. ಆದರೆ ಸಾಕ್ಷ್ಯದ ದೃಷ್ಟಿಯಿಂದ ಅಸ್ಥಾನಿಕತೆಗೇ ತೂಕ ಹೆಚ್ಚು: ಅಲ್ಲಿ ಉಪಕರಣದ ಒಳಗೇನಿದೆ ಎಂದು ನಂಬುವ ಅಗತ್ಯವಿಲ್ಲ, ಗಡಿಯಾರ ಮತ್ತು ಅಳತೆಪಟ್ಟಿ ಸಾಕು. ನನ್ನನ್ನು ಒಬ್ಬ ಸಂದೇಹಿಯ ಮುಂದೆ ಕೂರಿಸಿದರೆ ಡೆಲ್ಫ್ಟ್ ಪ್ರಯೋಗವನ್ನು ಮುಂದಿಡುತ್ತೇನೆ. ಒಬ್ಬ ವಿದ್ಯಾರ್ಥಿಯ ಮುಂದೆ ಕೂರಿಸಿದರೆ ಚೌಕವನ್ನು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ತೆಗೆದುಬಿಡೋಣ. ಅಸ್ಥಾನಿಕತೆ ಎಂದರೆ ಉಮಾ ರವಿಗೆ ಸುದ್ದಿ ಮುಟ್ಟಿಸುತ್ತಾಳೆ ಎಂದಲ್ಲ. ರವಿಯ ಕಡೆಯ ಅಂಕಿಅಂಶ ಉಮಾ ಏನನ್ನು ಆರಿಸಿದರೂ ಒಂದೇ. ಆಟದಲ್ಲಿ ಗೆದ್ದದ್ದು ಇಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗುತ್ತದೆ. ಇನ್ನು, ಬೆಲ್ ಪ್ರಮೇಯ 'ಗುಪ್ತ ಚರ'ಗಳನ್ನೆಲ್ಲ (ಉತ್ತರಗಳನ್ನು ತೆರೆಮರೆಯಲ್ಲಿ ನಿರ್ಧರಿಸುವ, ನಮಗೆ ಕಾಣದ ಪರಿಮಾಣಗಳನ್ನೆಲ್ಲ) ಕೊಂದಿತು ಎಂಬ ಮಾತೂ ಸುಳ್ಳು. ಡೇವಿಡ್ ಬೋಮ್ 1952ರಲ್ಲಿ ಕಟ್ಟಿದ ಗುಪ್ತ ಚರಗಳ ಸಿದ್ಧಾಂತ ಕ್ವಾಂಟಮ್ ಲೆಕ್ಕಗಳನ್ನೆಲ್ಲ ಸರಿಯಾಗಿ ಕೊಡುತ್ತದೆ. ಸಂದರ್ಭಾವಲಂಬನೆಯನ್ನೂ ಅಸ್ಥಾನಿಕತೆಯನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೇ ಕೊಡುತ್ತದೆ. ಅಂಥ ಸಿದ್ಧಾಂತ ಅಸಾಧ್ಯ ಎಂದು 1932ರಲ್ಲಿ ಫಾನ್ ನಾಯ್‌ಮನ್ ಕೊಟ್ಟಿದ್ದ ಸಾಧನೆಯಲ್ಲಿ ತೂತಿದೆ ಎಂದು ಗ್ರೆಟೆ ಹರ್ಮನ್ 1935ರಲ್ಲೇ ಹೇಳಿದ್ದರು. ಬಹುಕಾಲ ಯಾರೂ ಕಿವಿಗೊಡಲಿಲ್ಲ.

ಉಳಿದಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಭಾಗ. ಸುದ್ದಿ ಕಳಿಸಲಾಗದು ಎಂಬ ನಿಯಮವೊಂದೇ ಇದ್ದಿದ್ದರೆ ಬೆಲ್ ಮೊತ್ತ 4ರವರೆಗೂ ಹೋಗಬಹುದಿತ್ತು ಎಂದು ಪೊಪೆಸ್ಕು ಮತ್ತು ರೋರ್ಲಿಕ್ 1994ರಲ್ಲಿ ತೋರಿಸಿದರು. ಪ್ರಕೃತಿ 2.83ರಲ್ಲೇ ನಿಲ್ಲುತ್ತದೆ. ಏಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ, ಆದರೆ ಒಂದು ಸುಳಿವು ಐದು ಪ್ರಶ್ನೆಗಳ ವೃತ್ತದಲ್ಲೇ ಇದೆ. ಒಟ್ಟಿಗೆ 'ಹೌದು' ಆಗಲಾರದ ಪ್ರಶ್ನೆಗಳ ನಡುವೆ ಗೆರೆ ಎಳೆದು ಜಾಲ ಬರೆದರೆ, ಕ್ವಾಂಟಮ್ ಸಿದ್ಧಾಂತ ಮುಟ್ಟಬಲ್ಲ ಗರಿಷ್ಠ ಮಿತಿ ಆ ಜಾಲದ 'ಲೊವಾಸ್ ಸಂಖ್ಯೆ'. ಗದ್ದಲವಿರುವ ಮಾರ್ಗದಲ್ಲಿ ಅಕ್ಷರಗಳು ಒಂದಕ್ಕೊಂದು ಬೆರೆಯದಂತೆ ಎಷ್ಟು ಸಂದೇಶ ಕಳಿಸಬಹುದು ಎಂಬ, ಕ್ವಾಂಟಮ್‌ಗೆ ಯಾವ ಸಂಬಂಧವೂ ಇಲ್ಲದ ಸಮಸ್ಯೆಗಾಗಿ ಲಾಸ್ಲೊ ಲೊವಾಸ್ 1979ರಲ್ಲಿ ಈ ಸಂಖ್ಯೆಯನ್ನು ರೂಪಿಸಿದ್ದರು. ಅವರು ಮೊದಲು ಬಿಡಿಸಿದ ಉದಾಹರಣೆ ಐದು ಬಿಂದುಗಳ ವೃತ್ತ. ಉತ್ತರ √5.